ಸವತಿಯ ಮನೆಯಲ್ಲಿ ಇಪ್ಪತ್ತಾರು ದಿನ

ಅಲ್ ಮುರಕ್ಕಬಾತ್, ದುಬೈ
ಶನಿವಾರ, 9 ನವೆಂಬರ್ 2024

ಪ್ರೀತಿಯ ಮಾಂಯ್,

ನಿಮ್ಮ ಮೊಣಕಾಲು ಈಗ ಹೇಗಿದೆ? ಲೀನಾ ಅಕ್ಕ ಹೊಸ ಎಣ್ಣೆ ತಂದುಕೊಟ್ಟಿದ್ದಾರೆಂದು ಕೇಳಿದೆ. ಹಚ್ಚಿಕೊಂಡ ಮೇಲೆ ಒಂದು ಗಂಟೆಯಾದರೂ ನೀರು ಮುಟ್ಟಬೇಡಿ, ಬಟ್ಟೆ ಒಗೆಯುವುದನ್ನು ಅಕ್ಕನ ಮಕ್ಕಳಿಗೆ ಬಿಡಿ. ಕಿವಿಯ ಮೆಷಿನ್ ಇನ್ನೂ ಪೆಟ್ಟಿಗೆಯಲ್ಲೇ ಇದೆಯಂತೆ. ಹಾಕಿದರೆ ತಲೆಯೊಳಗೆ ಅಕ್ಕಿ ಗಿರಣಿ ಓಡಿದ ಹಾಗಾಗುತ್ತದೆ ಎಂದು ನೀವು ಹೇಳುವುದು ಗೊತ್ತು. ಆದರೂ ಪೂಜೆಯ ಹೊತ್ತಿಗಾದರೂ ಹಾಕಿಕೊಳ್ಳಿ. ಪಾದ್ರಿಯವರ ಪ್ರಸಂಗ ಒಂದಕ್ಷರವೂ ಕೇಳದೆ ಇನ್ನೆಷ್ಟು ವರ್ಷ ಎಲ್ಲರಿಗಿಂತ ಜೋರಾಗಿ ಆಮೆನ್ ಹೇಳುತ್ತೀರಿ? ಸತ್ತವರ ಹಬ್ಬಕ್ಕೆ ಮಾವನ ಗೋರಿಗೆ ಸುಣ್ಣ ಹಚ್ಚಿಸಿದಿರಾ? ನಮ್ಮಿಬ್ಬರ ಲೆಕ್ಕದಲ್ಲಿ ಎರಡು ಮೇಣದ ಬತ್ತಿ ಇಟ್ಟಿರುತ್ತೀರಿ ಎಂದು ನಂಬಿದ್ದೇನೆ. ಮಾವನ ಮಣ್ಣಿಗೆ ಇವರಿಗೆ ಬರಲಾಗಲಿಲ್ಲ, ಆ ವರ್ಷ ವಿಮಾನಗಳೇ ನಿಂತಿದ್ದವು. ಆ ದುಃಖ ಇವರ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ನಾನು ಕಾಗದ ಬರೆಯದೆ ಎಷ್ಟೋ ವರ್ಷವಾಯಿತು. ಮನೆಯಲ್ಲಿ ಮಾತಾಡುವುದು ಕೊಂಕಣಿಯಾದರೂ ಬರೆಯಲು ನನಗೆ ಬರುವುದು ಐದನೆಯ ಕ್ಲಾಸಿನ ತನಕ ಕಲಿತ ಈ ಕನ್ನಡ ಮಾತ್ರ. ತಪ್ಪಿದ್ದರೆ ತಿದ್ದಿಕೊಂಡು ಓದಿ. ಫೋನಿನಲ್ಲಿ ಹೇಳೋಣವೆಂದರೆ ನಾನಿಲ್ಲಿ ಕಿರುಚಬೇಕು, ನಿಮಗೆ ಕೇಳುವ ಮೊದಲೇ ಪಕ್ಕದ ಮನೆಯವರಿಗೆ ಕೇಳಿಸುತ್ತದೆ. ಮೊದಲೇ ನನಗೆ ಬಾಯಿಲ್ಲ ಎಂದು ನೀವು ಹೇಳುತ್ತಿದ್ದಿರಿ. ಮದುವೆಯ ಮರುದಿನ ಸಾರಿಗೆ ಉಪ್ಪು ಬಿದ್ದಿಲ್ಲ ಎಂದು ಹೇಳಲು ನಾಚಿಕೊಂಡು ಎರಡು ಸಲ ಹಾಕಿಸಿಕೊಂಡು ಉಂಡೆನಲ್ಲ, ಅದನ್ನು ನೀವು ಊರಿಗೆಲ್ಲ ಹೇಳಿ ನಗಿಸಿದ್ದೀರಿ. ಹಾಗಾಗಿ ಬೆಳ್ಮಣ್ಣಿನ ನಿಶಾಂತನ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ. ಅವನಿಗೆ ಇವತ್ತು ಮಧ್ಯಾಹ್ನದ ವಿಮಾನ. ನಾಳೆ ಬೆಳಗ್ಗೆ ಪೂಜೆ ಮುಗಿಸಿ ನೀವು ಬರುವಷ್ಟರಲ್ಲಿ ಮುದರಂಗಡಿಗೆ ತಂದುಕೊಡುತ್ತೇನೆ ಎಂದಿದ್ದಾನೆ. ನೀವೇ ಕನ್ನಡಕ ಹಾಕಿಕೊಂಡು ಓದಿ, ಬೇರೆಯವರಿಂದ ಓದಿಸಬೇಡಿ. ಕುರ್ಚಿಯಲ್ಲಿ ಕೂತುಕೊಂಡು ಓದಿ.

ಫೋನ್ ಮಾಡಿದಾಗಲೆಲ್ಲ ನೀವು ಮಗನ ಬಗ್ಗೆ ಕೇಳುವುದು ಒಂದೇ ಪ್ರಶ್ನೆ, "ಟ್ರೆವರ್ ಯಾವಾಗ ಬರ್ತಾನೆ?" ಕಾಮಾಲೆ ಇಳಿದ ಕೂಡಲೇ ಎಂದು ನಾನು ಒಂದು ತಿಂಗಳಿಂದ ಹೇಳುತ್ತಾ ಬಂದೆ. ಮಾಂಯ್, ಅದು ಕಾಮಾಲೆಯಲ್ಲ. ಪಿತ್ತ ಹರಿಯುವ ನಾಳದ ಬಾಯಲ್ಲಿ ಗಡ್ಡೆ ಬೆಳೆದಿದೆ. ಅದು ಪಿತ್ತಕೋಶಕ್ಕೂ ಹಬ್ಬಿದೆ, ಈಗ ನಂಜು ರಕ್ತಕ್ಕೆ ಏರಿದೆ. ಇನ್ನು ಕೆಲವು ದಿನ ಎಂದು ಡಾಕ್ಟರು ಮೊನ್ನೆ ಗುರುವಾರ ಹೇಳಿದರು. ತಿಂಗಳು ಎನ್ನಲಿಲ್ಲ, ವಾರ ಎಂದೂ ಹೇಳಲಿಲ್ಲ. ಮಲಗಿಸಿಕೊಂಡಾದರೂ ನಿಮ್ಮ ಹತ್ತಿರ ಕರೆತರಬೇಕೆಂದು ಎರಡು ವಿಮಾನದವರ ಹತ್ತಿರ ಕೇಳಿಸಿದೆ. ಡಾಕ್ಟರ ಕಾಗದ ನೋಡಿ ಇಬ್ಬರೂ ಆಗುವುದಿಲ್ಲ ಎಂದರು. ಜೀವ ಇರುವಾಗ ಇವರನ್ನು ನಿಮ್ಮ ಮುಂದೆ ತಂದು ನಿಲ್ಲಿಸಬೇಕು ಎಂಬುದೊಂದೇ ನನಗೆ ಉಳಿದಿದ್ದ ಆಸೆ. ಅದು ಆಗುವಂತೆ ಕಾಣುವುದಿಲ್ಲ. ಇದನ್ನು ಬರೆದ ಮೇಲೆ ನನಗೆ ಬೇರೆ ಸಂಗತಿ ಬರೆಯಲು ಸ್ವಲ್ಪ ಧೈರ್ಯ ಬಂದಿದೆ. ನೀವೂ ಸ್ವಲ್ಪ ನೀರು ಕುಡಿದು ಮುಂದೆ ಓದಿ.

ಹಡಗಿನಲ್ಲಿ ನಾವಿಬ್ಬರೂ ಹೇಗೆ ಇದ್ದೆವು ಎಂದು ನಿಮಗೆ ಹೇಳಬೇಕು. ಅದನ್ನು ಹೇಳಲು ಇವರಿಂದ ಇನ್ನು ಆಗುವುದಿಲ್ಲ. ನೀವು ಆ ಹಡಗನ್ನು ಕಂಡವರಲ್ಲ. ಹಾಲಿನಲ್ಲಿ ತೂಗುಹಾಕಿದ ಫೋಟೋದಲ್ಲಿ ಮಾವನ ಬೆನ್ನ ಹಿಂದೆ ಗೋಡೆಯ ಹಾಗೆ ನಿಂತ ಅದರ ಒಂದು ಬದಿ ಮಾತ್ರ ನೋಡಿದ್ದೀರಿ. "ನಿನ್ನ ಮಾವನ ಮೊದಲ ಹೆಂಡ್ತಿ ಆ ಲೇಡಿ ಮೇರಿಯನ್, ನಾನು ಎರಡನೆಯವಳು. ವರ್ಷದಲ್ಲಿ ಹತ್ತು ತಿಂಗಳು ಅವಳಿಗೆ, ಎರಡು ತಿಂಗಳು ನನಗೆ" ಎಂದು ನೀವು ತಮಾಷೆ ಮಾಡುತ್ತಿದ್ದಿರಿ. ಸವತಿ ಹೇಗಿದ್ದಾಳೆ ಎಂದು ಮಗನಿಗೂ ಕೇಳುತ್ತಿದ್ದಿರಿ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಐದು ದಿನ, ಅಲ್ಲಿಂದ ವಾಪಸ್ ಐದು ದಿನ, ಹೀಗೆ ಇಪ್ಪತ್ತೆರಡು ವರ್ಷ ಮಾವ ಅದರ ಹೊಟ್ಟೆಯೊಳಗೆ ಇಸ್ತ್ರಿ ಮಾಡಿದರು. ಅಟ್ಲಾಂಟಿಕ್ ಸಮುದ್ರ ಹೇಗಿರ್ತದೆ ಎಂದು ನೀವು ಕೇಳಿದಾಗ "ಬಿಸಿ" ಎಂದಿದ್ದರಂತೆ. ನೀವು ಅದನ್ನು ತಮಾಷೆ ಎಂದುಕೊಂಡಿರಿ. ಆ ಲಾಂಡ್ರಿಯಲ್ಲಿ ನಿಂತ ಮೇಲೆ ನನಗೆ ಗೊತ್ತಾಯಿತು, ಅದು ತಮಾಷೆಯಲ್ಲ. ನೀರಿನ ಮಟ್ಟಕ್ಕಿಂತ ಕೆಳಗಿನ ಕೋಣೆ ಅದು, ಒಂದು ಕಿಟಕಿಯಿಲ್ಲ. ಕೆಲಸದವರಿಗೆ ಮೇಲೆ ಹೋಗಲು ಅಪ್ಪಣೆ ಇರಲಿಲ್ಲ. ಅವರು ಕಂಡ ಅಟ್ಲಾಂಟಿಕ್ ಆ ಹಬೆ ಮಾತ್ರ.

ಹಡಗು ಮುದಿಯಾಗಿ ದುಬೈ ಬಂದರಿನಲ್ಲಿ ಹೋಟೆಲ್ ಆದ ಮೇಲೆ ಮಾವನ ಹೆಸರು ಹೇಳಿ ಇವರು ಅದೇ ಲಾಂಡ್ರಿಗೆ ಸೇರಿದ್ದು, ಮದುವೆಯಾದ ಮೇಲೆ ಕಾನ್ವೆಂಟಿನಲ್ಲಿ ಕಲಿತ ಹೊಲಿಗೆಯನ್ನು ನಂಬಿ ನಾನೂ ಬಂದಿದ್ದು ನಿಮಗೆ ಗೊತ್ತು. ನಿಮಗೆ ನಾವು ಸರಿಯಾಗಿ ಹೇಳದೆ ಇದ್ದದ್ದು ಇದು: ಇಲ್ಲಿ ನಾವು ಒಟ್ಟಿಗೆ ಇರಲಿಲ್ಲ. ಹೋಟೆಲಿನ ಹೆಂಗಸರಿಗೆಲ್ಲ ಇಲ್ಲಿ ಮುರಕ್ಕಬಾತಿನ ಫ್ಲ್ಯಾಟಿನಲ್ಲಿ ಮಲಗುವ ಜಾಗ, ಒಂದು ಕೋಣೆಗೆ ಆರು ಮಂದಿ. ಗಂಡಸರಿಗೆ ಊರಿನ ಆ ಕಡೆ ತುದಿ, ಡಿಸ್ಕವರಿ ಗಾರ್ಡನ್ಸ್‌ನಲ್ಲಿ. ನಮ್ಮ ಕಟ್ಟಡದ ಮೆಟ್ಟಿಲ ತನಕ ಗಂಡಸರು ಬರಬಹುದು, ಅದರ ಮೇಲೆ ಇಲ್ಲ. ವಾಚ್‌ಮನ್ ಮೊಹಮ್ಮದ್ ಒಳ್ಳೆಯವನು. ಇವರು ಬಂದಾಗ ತನ್ನ ಕುರ್ಚಿಯನ್ನು ಬಿಟ್ಟುಕೊಟ್ಟು ದೂರ ಹೋಗಿ ನಿಲ್ಲುತ್ತಿದ್ದ, ಆದರೆ ಒಳಗೆ ಬಿಡುವುದು ಅವನ ಕೈಯಲ್ಲಿರಲಿಲ್ಲ. ಕೆಲಸದಲ್ಲಿ ದಿನಾ ನೋಡುತ್ತಿದ್ದೆವು, ಇವರು ಇಸ್ತ್ರಿ ಮೆಷಿನ್ನಿನ ಹತ್ತಿರ, ನಾನು ಹೊಲಿಗೆ ಮೂಲೆಯಲ್ಲಿ. ರಜೆ ಕೂಡಿಬಂದ ದಿನ ಊದ್ ಮೇಥಾದ ಇಗರ್ಜಿಗೆ ಹೋಗಿ ಪೂಜೆ ಮುಗಿಸಿ ಅಂಗಳದ ಕಟ್ಟೆಯಲ್ಲಿ ಕೂತು ಒಂದು ಬಿರಿಯಾನಿ ಪೊಟ್ಟಣ ಬಿಚ್ಚುತ್ತಿದ್ದೆವು. ಏಳು ವರ್ಷದ ಸಂಸಾರ ಅದು. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದಾಗ ಸಿಕ್ಕಿದ ದಿನಗಳನ್ನು ಕೂಡಿಸಿದರೆ ಐದು ತಿಂಗಳೂ ಆಗುವುದಿಲ್ಲ. "ಇನ್ನೂ ಎಂತ ವಿಶೇಷ ಇಲ್ವಾ?" ಎಂದು ನೀವು ಕೇಳುವಾಗ ನಾನು ಫೋನನ್ನು ಇವರ ಕೈಗೆ ಕೊಡುತ್ತಿದ್ದೆ. ಏನು ಹೇಳಲಿ, ಮಾಂಯ್? ಅಂಗಳದ ಕಟ್ಟೆಯಲ್ಲಿ ಮಕ್ಕಳಾಗುವುದಿಲ್ಲ.

ಹೋಟೆಲ್ ಮುಚ್ಚುತ್ತದೆ, ಹಡಗನ್ನು ಒಡೆಯಲು ಗುಜರಾತಿಗೆ ಮಾರಿದ್ದಾರೆ ಎಂದು ಈ ಆಗಸ್ಟಿನಲ್ಲಿ ಸುದ್ದಿ ಬಂತು. ಆ ದಿನದಿಂದ ನನ್ನ ಕೆಲಸ ಹೊಲಿಯುವುದಲ್ಲ, ಬಿಚ್ಚುವುದು. ನಿಮಗೆ ಮಾವನ ಬಿಳಿ ಕೋಟು ನೆನಪಿರಬಹುದು, ಪೆಟ್ಟಿಗೆಯಲ್ಲಿ ಕರ್ಪೂರದ ಗುಳಿಗೆ ಹಾಕಿ ಇಟ್ಟಿದ್ದೀರಲ್ಲ, ಅದರ ಕಾಲರಿನ ಒಳಗೆ ಕೆಂಪು ನೂಲಿನಲ್ಲಿ 318 ಎಂದು ಕಸೂತಿ ಹಾಕಿದ ಪಟ್ಟಿಯಿದೆ. ಆ ಹಡಗಿನಲ್ಲಿ ಎಲ್ಲರ ಬಟ್ಟೆಗೂ ಹಾಗೆ ನಂಬರ್. ಒಬ್ಬ ಕೆಲಸ ಬಿಟ್ಟರೆ ಅವನ ನಂಬರ್ ಬಿಚ್ಚಿ ಹೊಸಬನಿಗೆ ಹೊಲಿಯಬೇಕು. ಮಾವ ಮನೆಗೆ ತಂದ ಹಳೆಯ ಕೋಟಿನದು ಮಾತ್ರ ಹಾಗೇ ಉಳಿಯಿತು. ಇವರು ಸೇರಿದಾಗ 318 ಒಬ್ಬ ಫಿಲಿಪೈನ್ಸಿನವನ ಹತ್ತಿರ ಇತ್ತು. ನೀವು ಕೊಟ್ಟ ಮಿಡಿ ಉಪ್ಪಿನಕಾಯಿಯ ಇಡೀ ಬಾಟಲಿ ಅವನಿಗೆ ಕೊಟ್ಟು ಅಪ್ಪನ ನಂಬರ್ ತೆಗೆದುಕೊಂಡರು. ಉಪ್ಪಿನಕಾಯಿ ಖಾಲಿಯಾಯಿತೆಂದು ಇವರು ಅಷ್ಟು ಬೇಗ ನಿಮಗೆ ಹೇಳಿದ್ದು ಯಾಕೆಂದು ಈಗ ಗೊತ್ತಾಯಿತಲ್ಲ. ಸೆಪ್ಟೆಂಬರಿನಲ್ಲಿ ನಾನು ಆರುನೂರಕ್ಕೂ ಹೆಚ್ಚು ನಂಬರ್ ಬಿಚ್ಚಿದೆ. ಒಂದೊಂದು ಕೋಟು ನನ್ನ ಮೇಜಿನ ಮೇಲೆ ಬಿದ್ದಾಗಲೂ ಒಬ್ಬ ಮನುಷ್ಯ ಊರಿಗೆ ಹೋದ ಎಂದು ಅರ್ಥ. ಯಾರಿಗೂ ಮತ್ತೆ ಹೊಲಿಯಲಿಕ್ಕಿರಲಿಲ್ಲ. ಕೆಂಪು ಪಟ್ಟಿಗಳು ಮೇಜಿನ ಕೆಳಗಿನ ಡಬ್ಬಿ ತುಂಬಿ ನೆಲದ ಮೇಲೆ ಚೆಲ್ಲುತ್ತಿದ್ದವು.

ಸೆಪ್ಟೆಂಬರ್ ಹನ್ನೆರಡರ ವಿಮಾನದಲ್ಲಿ ಮೊದಲ ಗುಂಪು ಹೋಯಿತು. ಹಾಸಿಗೆ, ಪಾತ್ರೆ, ಕಾರ್ಪೆಟ್ ಎಲ್ಲ ಹೊರಗೆ ಸಾಗಿಸಲು ಮೂವತ್ತು ಮಂದಿ ಉಳಿದೆವು. ಬಂದರಿನ ಗೇಟಿನಲ್ಲಿ ದಿನಾ ಪಾಸ್ ಮಾಡಿಸುವುದು ಕಷ್ಟವೆಂದು ಉಳಿದವರೆಲ್ಲ ಹಡಗಿನಲ್ಲೇ ಮಲಗಬೇಕಾಯಿತು. ನಮ್ಮ ಮೇಲ್ವಿಚಾರಕಿ ನಾಝಿಯಾ ಮೇಡಂ ಹೈದರಾಬಾದಿನವರು, ಬೀಗದ ಕೈಗಳ ಗೊಂಚಲು ಇವರ ಕೈಗೆ ಹಾಕಿ, "ಅರೇ, ಮಿಯಾ ಬೀವಿ ಹೋ, ಯಾವ ಕ್ಯಾಬಿನ್ ಬೇಕೋ ತಗೊಳ್ಳಿ. ಮೊದಲು ನೋಡಿ, ಬಾಗಿಲು ಸರಿಯಾಗಿ ಹಾಕ್ತದಾ ಅಂತ" ಎಂದರು. ನಾನು ನಾಚಿ ಲಿನನ್ ಕೋಣೆಯೊಳಗೆ ಹೋಗಿ ನಿಂತೆ. ನಾಲ್ಕನೆಯ ಡೆಕ್ಕಿನಲ್ಲಿ ಒಂದು ಚಿಕ್ಕ ಕ್ಯಾಬಿನ್ ತೆಗೆದುಕೊಂಡೆವು. ದೊಡ್ಡವು ಬೇಕಾದಷ್ಟಿದ್ದವು. ನನಗೆ ದೊಡ್ಡದರಲ್ಲಿ ನಿದ್ದೆ ಬರುವುದಿಲ್ಲ ಎಂದೆ. ಗುಂಡು ಕಿಟಕಿ, ಅದರಲ್ಲಿ ಬಂದರಿನ ಕ್ರೇನು, ಕ್ರೇನಿನ ಕಾಲುಗಳ ಮಧ್ಯೆ ಒಂದು ಅಂಗೈಯಷ್ಟು ಸಮುದ್ರ. ಎರಡು ಮಂಚ, ಒಂದು ಈ ಗೋಡೆಗೆ, ಒಂದು ಆ ಗೋಡೆಗೆ. ಎಳೆದರೆ ಬರುವುದಿಲ್ಲ. ಅಟ್ಲಾಂಟಿಕ್ ಅಲೆಗೆ ಜಾರಬಾರದೆಂದು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದರು. ಇವರು ಎಲೆಕ್ಟ್ರಿಷಿಯನ್ ಹಾಶಿಮನ ಹತ್ತಿರ ಸ್ಪ್ಯಾನರ್ ಕೇಳಲು ಹೋದರು. ಅವನು ಕಾಸರಗೋಡಿನವನು, ಸುಮ್ಮನೆ ಕೊಡುವವನಲ್ಲ. "ಏಳು ವರ್ಷ ಕಾದದ್ದು ಕಾದಿದ್ದೀರಿ, ಈಗ ಎಂತ ಮಾರಾಯ್ರೆ ಅಷ್ಟು ಅರ್ಜೆಂಟು?" ಎಂದು ಎಲ್ಲರ ಎದುರಿಗೇ ಕೇಳಿದನಂತೆ. ಬೋಲ್ಟಿನ ಮೇಲೆ ನಾಲ್ಕೈದು ಪದರ ಬಣ್ಣ, ಬಿಳಿ, ಅದರ ಕೆಳಗೆ ಹಸಿರು, ಅದರ ಕೆಳಗೆ ಮತ್ತೆ ಬಿಳಿ. ಒಂದು ಇಡೀ ಮಧ್ಯಾಹ್ನ ನಾವಿಬ್ಬರೂ ನೆಲದಲ್ಲಿ ಕೂತು ಕೆರೆದೆವು. ಮಂಚಗಳನ್ನು ಕೂಡಿಸಿದ ಮೇಲೆ ಮಧ್ಯದ ಸಂದಿಗೆ ಇವರು ಕಂಬಳಿ ಮಡಚಿ ತುರುಕಿ, ಮೇಲೆ ಒಂದೇ ಹೊದಿಕೆಯನ್ನು ಎಷ್ಟು ಬಿಗಿಯಾಗಿ ಎಳೆದರೆಂದರೆ ಸಂದಿ ಎಲ್ಲಿತ್ತೆಂದು ಕೈಯಾಡಿಸಿದರೂ ಗೊತ್ತಾಗಲಿಲ್ಲ. ನಿಮ್ಮ ಮಗ ಇಸ್ತ್ರಿಯವನು ಎಂದು ನನಗೆ ಅವತ್ತಿನಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ನಾನು ಸಂತೋಷವಾಗಿದ್ದೆ, ಮಾಂಯ್. ಇದನ್ನು ಬರೆಯಲು ನಾಚಿಕೆಯಲ್ಲ, ಹೆದರಿಕೆ. ಬೆಳಿಗ್ಗೆ ಎದ್ದರೆ ಇವರ ಚಪ್ಪಲಿ ನನ್ನ ಚಪ್ಪಲಿಯ ಪಕ್ಕ ಇರುತ್ತಿತ್ತು. ಗಂಡ ನಿದ್ದೆಯಲ್ಲಿ ಟವೆಲ್ ಎಣಿಸುತ್ತಾನೆ ಎಂದು ಏಳು ವರ್ಷದ ಮೇಲೆ ತಿಳಿಯಿತು. ನಾನು ತಲೆ ಬಾಚುವಾಗ ಹಾಡು ಗುನುಗುತ್ತೇನಂತೆ, ಅದು ಇವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ರೈಸ್ ಕುಕ್ಕರಿನಲ್ಲಿ ಕುಚ್ಚಲಕ್ಕಿ ಗಂಜಿ ಮಾಡಿ, ಹಿಂದೆ ಕೋಟು ಟೈ ಇಲ್ಲದವರನ್ನು ಒಳಗೆ ಬಿಡದ ದೊಡ್ಡ ಊಟದ ಹಾಲಿನಲ್ಲಿ ಕೂತು ಉಂಡೆವು. ಮೇಜುಗಳೆಲ್ಲ ಹೋಗಿದ್ದವು, ನೆಲದಲ್ಲಿ ಕೂತೆವು. ದೀಪದ ಗೊಂಚಲುಗಳಿಗೆ ಹರಾಜಿನ ಚೀಟಿ ಕಟ್ಟಿದ್ದರು. ಒಂದು ದಿನ ಸಂಜೆಯ ಬಿಸಿಲಿನಲ್ಲಿ ಇವರು ನನ್ನನ್ನು ಎಲ್ಲಕ್ಕಿಂತ ಮೇಲಿನ ಡೆಕ್ಕಿಗೆ ಕರೆದುಕೊಂಡು ಹೋದರು. ಅಲ್ಲಿ ಉದ್ದ ಕಾಲಿನ ಮರದ ಕುರ್ಚಿಗಳಲ್ಲಿ ಎರಡು ಉಳಿದಿದ್ದವು. "ಅಪ್ಪ ಇಪ್ಪತ್ತೆರಡು ವರ್ಷ ಈ ಕುರ್ಚಿಗೆ ಹಾಕುವ ಟವೆಲ್ ಇಸ್ತ್ರಿ ಮಾಡಿದ್ದು. ಒಂದು ಸಲ ಕೂತದ್ದಿಲ್ಲ. ನೀನು ಕೂತುಕೋ" ಎಂದರು. ನಾನು ತುದಿಯಲ್ಲಿ ಕೂತೆ. "ಸರಿಯಾಗಿ ಕೂತುಕೋ ಮಾರಾಯ್ತಿ, ಯಾರೂ ಬೈಯುವವರಿಲ್ಲ" ಎಂದು ನಕ್ಕರು. ಹಾಗೆ ನಗುವಾಗ ಬಿಸಿಲು ಮುಖಕ್ಕೆ ಬಿದ್ದಿತ್ತು. ಕಣ್ಣಿನ ಬಿಳಿಯ ಜಾಗವೆಲ್ಲ ಹಳದಿ. ಹಳದಿಯನ್ನು ನಾನು ಮೊದಲು ನೋಡಿದ್ದು ಯಾವತ್ತು ಎಂದು ಬರೆಯಲು ಈಗ ಕೈ ಏಳುತ್ತಿಲ್ಲ.

ಆಮೇಲೆ ಫೋನಿನಲ್ಲಿ ನಿಮಗೆ ಹೇಳಿದೆವು. "ಕಾಮಾಲೆಗೆ ಇಂಗ್ಲಿಷ್ ಮದ್ದಿಲ್ಲ, ಮುಟ್ಟಬೇಡ, ನಾನು ಪುಡಿ ಕಳಿಸ್ತೇನೆ" ಎಂದು ನೀವು ಹೇಳಿದಿರಿ. ನಿಶಾಂತ್ ಆ ಸಲ ಊರಿಂದ ಬರುವಾಗ ನೆಲನೆಲ್ಲಿ ಪುಡಿಯ ಪೊಟ್ಟಣ ತಂದುಕೊಟ್ಟ, ಜೊತೆಗೆ ಒಂದು ಚಿಕ್ಕ ಕಾಗದದ ಮಡಿಕೆಯಲ್ಲಿ ಕನ್ಯಾಮರಿಯಮ್ಮನ ಹಬ್ಬದ ಹೊಸ ಭತ್ತದ ತೆನೆಯ ಕಾಳು. ಮನೆಯಲ್ಲಿ ಇಲ್ಲದವರ ಪಾಲಿಗೆಂದು ನೀವು ಎತ್ತಿಟ್ಟದ್ದು, ಇವರಿಗೆ ಏಳು ಕಾಳು, ನನಗೆ ಏಳು. ಕಾಳು ಸುಲಿದು ಹಾಲಿನಲ್ಲಿ ಹಾಕಿ, ಶಿಲುಬೆಯ ಗುರುತು ಮಾಡಿ, ಕ್ಯಾಬಿನ್ನಿನ ಗುಂಡು ಕಿಟಕಿಯ ಹತ್ತಿರ ನಿಂತು ಕುಡಿದೆವು. ಆ ಹಡಗಿನಲ್ಲಿ ಕೊನೆಯದಾಗಿ ಹೊಸ ಅಕ್ಕಿ ಉಂಡವರು ನಾವು. ಪುಡಿಯನ್ನು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಜ್ಜಿಗೆಯಲ್ಲಿ ಕದಡಿ ಕೊಟ್ಟೆ. ಉಪ್ಪಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ. ಪಥ್ಯ ಇವರಿಗೊಬ್ಬರಿಗೇ ಆಗುವುದು ಬೇಡವೆಂದು ನಾನೂ ಅದನ್ನೇ ತಿಂದೆ. ಮೈಯೆಲ್ಲ ತುರಿಕೆ ಎಂದು ಇವರು ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುತ್ತಿದ್ದರು. ಮಾಂಯ್, ಡಾಕ್ಟರಿಗಿಂತ ಮೊದಲು ನನ್ನ ಸೂಜಿಗೆ ಗೊತ್ತಾಗಿತ್ತು. ಕೋಟು ದೊಡ್ಡದಾಯಿತೆಂದು ಎರಡು ಬದಿಯಲ್ಲೂ ಅರ್ಧರ್ಧ ಇಂಚು ಹಿಡಿದು ಹೊಲಿದೆ. ಎಂಟು ದಿನಕ್ಕೆ ಮತ್ತೆ ಅರ್ಧ ಇಂಚು. ಮೂರನೆಯ ಸಲ ಹಿಡಿಯಲು ಹೋದರೆ ಜೇಬುಗಳು ಬೆನ್ನ ಹಿಂದಕ್ಕೆ ಬಂದವು. "ಬಟ್ಟೆ ಹಿಗ್ಗಿರಬೇಕು" ಎಂದರು ಇವರು. ಬಟ್ಟೆ ಹಿಗ್ಗುತ್ತದೋ ಕುಗ್ಗುತ್ತದೋ ಎಂದು ಗೊತ್ತಿಲ್ಲದವರಾ ಇವರು? ಇಬ್ಬರಿಗೂ ಗೊತ್ತಿತ್ತು. ಇನ್ನು ಎಂಟು ದಿನ, ಇನ್ನು ಆರು ದಿನ, ಆಮೇಲೆ ಊರಿಗೇ ಹೋಗುವುದಲ್ಲ, ಅಲ್ಲಿ ತೋರಿಸಿದರಾಯಿತು ಎಂದುಕೊಂಡೆವು.

ಅಕ್ಟೋಬರ್ ಒಂಬತ್ತು ನಮ್ಮ ಇಪ್ಪತ್ತಾರನೆಯ ದಿನ. ಮರುದಿನ ಎಲ್ಲರೂ ಇಳಿಯಬೇಕಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಕಂಬಳಿಯ ಕೊನೆಯ ಮೂಟೆ ಹೊತ್ತು ಇವರು ಹಡಗಿನಿಂದ ಇಳಿಯುವ ಏಣಿಯ ಮೇಲಿದ್ದರು. ಅಲ್ಲೇ ಕೂತರು, ಮೂಟೆ ಬಿಡಲಿಲ್ಲ. ಆಮೇಲೆ ಮೂಟೆಯ ಮೇಲೆಯೇ ಒರಗಿದರು. ಹಾಶಿಮ್ ಓಡಿಬಂದು ಹೆಗಲ ಮೇಲೆ ಹಾಕಿಕೊಂಡು ಇಳಿಸಿದ. ಇಷ್ಟು ಹಗುರ ಇದ್ದಾರಾ ಎಂದು ಅವನು ಅಂದದ್ದು ಈಗಲೂ ನನ್ನ ಕಿವಿಯಲ್ಲಿದೆ. ಆಸ್ಪತ್ರೆಯಲ್ಲಿ ಕೋಟನ್ನು ಕತ್ತರಿಯಿಂದ ಕತ್ತರಿಸಿ ತೆಗೆದರು. ನನ್ನ ಮೂರು ಸಲದ ಹೊಲಿಗೆಯೂ ಹೋಯಿತು. ನಾಝಿಯಾ ಮೇಡಂ ಜೊತೆಗೆ ನಿಂತು ಡಾಕ್ಟರು ಹೇಳಿದ್ದನ್ನು ನನಗೆ ಹಿಂದಿಯಲ್ಲಿ ಬಿಡಿಸಿ ಹೇಳಿದರು. ನಿಮಗೆ ಒಂದು ಮಾತು ಸರಿಯಾಗಿ ತಿಳಿಯಬೇಕು. ಆ ಪುಡಿಯ ಪೊಟ್ಟಣವನ್ನು ನಾನು ಡಾಕ್ಟರಿಗೆ ತೋರಿಸಿದೆ. ನಾನೇ ಬಾಯಿಬಿಟ್ಟು ಕೇಳಿದೆ, ಇದರಿಂದ ತೊಂದರೆ ಆಯಿತಾ ಎಂದು. ಇಲ್ಲ, ಇದು ಗುಣವನ್ನೂ ಮಾಡಲಿಲ್ಲ, ಕೆಡುಕನ್ನೂ ಮಾಡಲಿಲ್ಲ, ಗಡ್ಡೆ ಮೊದಲೇ ಇತ್ತು ಎಂದರು. ಆದ್ದರಿಂದ ಪುಡಿ ಕಳಿಸಿದೆನೆಂದು ನೀವು ಎದೆ ಹೊಡೆದುಕೊಳ್ಳಬಾರದು. ಸೆಪ್ಟೆಂಬರ್ ಮಧ್ಯದಲ್ಲೇ ತೋರಿಸಿದ್ದರೆ ನಾಳದಲ್ಲಿ ಒಂದು ಸಣ್ಣ ಪೈಪ್ ಕೂರಿಸಬಹುದಿತ್ತು, ಪೂರ್ತಿ ಗುಣವಾಗುತ್ತಿರಲಿಲ್ಲ, ಆದರೆ ಮನೆಗೆ ಹೋಗಿ ಒಂದು ವರ್ಷವೋ ಎಂಟು ತಿಂಗಳೋ ಇರುತ್ತಿದ್ದರು ಎಂದೂ ಅವರೇ ಹೇಳಿದರು. ಅಂದರೆ ಇನ್ನೊಂದು ಕ್ರಿಸ್ಮಸ್. ಅಂದರೆ ನಿಮ್ಮ ಕೈಯ ಊಟ.

ಹನ್ನೆರಡನೆಯ ತಾರೀಕು ಹಡಗನ್ನು ಎಳೆದುಕೊಂಡು ಹೋದರು. ಹಾಶಿಮ್ ದಡದಲ್ಲಿ ನಿಂತು ಫೋನಿನಲ್ಲಿ ಹಿಡಿದು ಕಳಿಸಿದ್ದನ್ನು ಇವರಿಗೆ ತೋರಿಸಿದೆ. ಎರಡು ಚಿಕ್ಕ ದೋಣಿಗಳು ಮುಂದೆ ಹಗ್ಗ ಎಳೆಯುತ್ತಿದ್ದವು, ಹಿಂದೆ ಅಷ್ಟು ದೊಡ್ಡ ಹಡಗು, ಹೊಗೆಯಿಲ್ಲ, ಸದ್ದಿಲ್ಲ, ಕೂಗಲೂ ಇಲ್ಲ. ಕೂಗುವ ಯಂತ್ರವನ್ನು ಯಾರೋ ಹರಾಜಿನಲ್ಲಿ ಕೊಂಡಿದ್ದರು. ಇವರು ಎರಡು ಸಲ ನೋಡಿದರು. "ಎಷ್ಟು ಎತ್ತರ ಕಾಣ್ತಾಳೆ ನೋಡು, ಒಳಗೆ ಎಂತದೂ ಇಲ್ಲ, ಹಾಗೆ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಅಮ್ಮನಿಗೆ ಹೇಳು, ಅವಳ ಸವತಿ ನಮಗಿಂತ ಮೊದಲು ಇಂಡಿಯಾಕ್ಕೆ ಹೋಗಿ ಮುಟ್ತಾಳೆ ಅಂತ" ಎಂದು ನಕ್ಕರು. ಇವರ ಬಾಯಿಯಿಂದ ನಾನು ಕೇಳಿದ ಕೊನೆಯ ತಮಾಷೆ ಅದು. ಈಗ ಹದಿನೈದು ದಿನದಿಂದ ಮಾತು ಕಡಿಮೆ. ಮೂಗಿಗೆ ನಳಿಗೆ ಇದೆ, ಹೊಟ್ಟೆ ಉಬ್ಬಿದೆ, ಕಾಲು ಕಡ್ಡಿಯ ಹಾಗಿದೆ. ನನ್ನನ್ನು ಗುರುತು ಹಿಡಿಯುತ್ತಾರೆ. ನಿನ್ನೆ ಮಂಚದ ಹೊದಿಕೆಯ ಅಂಚನ್ನು ಬೆರಳಲ್ಲಿ ಹಿಡಿದು, ಸರಿಯಾಗಿ ಇಸ್ತ್ರಿ ಆಗಿಲ್ಲ ಎನ್ನುವ ಹಾಗೆ ತಲೆ ಅಲ್ಲಾಡಿಸಿದರು. ಸಂಜೆ ಏಳು ಗಂಟೆಗೆ ಎಚ್ಚರವಿದ್ದರೆ ಕಣ್ಣು ನನ್ನ ಫೋನಿನ ಕಡೆ ಹೋಗುತ್ತದೆ. ಆ ಹೊತ್ತಿಗೆ ತೇರ್ಸಿನ ಜಪಮಾಲೆ ಮುಗಿಸಿ ನಿಮ್ಮಲ್ಲಿ ಬೆಸಾಂವ್, ತಾಯಿಯ ಆಶೀರ್ವಾದ, ಕೇಳುವುದು ಇವರು ಒಂದು ದಿನವೂ ತಪ್ಪಿಸಿದ್ದಿಲ್ಲ. ಇವರು ಹೇಳಿದ್ದು ನಿಮಗೆ ಕೇಳಿಸುತ್ತಿರಲಿಲ್ಲ, ಫೋನಿನ ಬೆಳಕು ನೋಡಿಯೇ ಕೈ ಎತ್ತಿ "ದೇವಾಚೆಂ ಬೆಸಾಂವ್" ಎನ್ನುತ್ತಿದ್ದಿರಿ. ಈಗ ಇವರಿಗೆ ಕೇಳಲು ಆಗುವುದಿಲ್ಲ. ನೀವು ಮಾತ್ರ ಆ ಹೊತ್ತಿಗೆ ಕೈ ಎತ್ತುವುದನ್ನು ನಿಲ್ಲಿಸಬೇಡಿ.

ನಾನು ಈಗ ಸುಶೀಲಮ್ಮ ಎಂಬ ಕುಂದಾಪುರದ ಹೆಂಗಸಿನ ಮನೆಯಲ್ಲಿದ್ದೇನೆ. ಇಲ್ಲೇ ಮುರಕ್ಕಬಾತಿನಲ್ಲಿ ಮೆಸ್ ನಡೆಸುತ್ತಾರೆ. ಅವರ ಅಡುಗೆಮನೆಯಲ್ಲಿ ಮಲಗಿ, ಬೆಳಿಗ್ಗೆ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗುತ್ತೇನೆ. ನನ್ನ ಚಿಂತೆ ಮಾಡಬೇಡಿ. ಪಾದ್ರಿಯವರಿಗೆ ನೀವೇ ಒಂದು ಮಾತು ಹೇಳಿಡಿ. ಮಾವನ ಪಕ್ಕದಲ್ಲಿ ಜಾಗ ಇದೆಯೆಂದು ಇವರು ಆರೋಗ್ಯವಾಗಿದ್ದಾಗಲೇ ಒಮ್ಮೆ ಹೇಳಿದ್ದರು. ಇವರನ್ನು ನಾನೇ ಕರೆತರುತ್ತೇನೆ, ಹೇಗೆ ಬಂದರೂ ಒಬ್ಬರನ್ನೇ ಕಳಿಸುವುದಿಲ್ಲ. ಈ ಕಾಗದದ ಮಡಿಕೆಯಲ್ಲಿ ಒಂದು ಕೆಂಪು ನೂಲಿನ ಪಟ್ಟಿ ಇಟ್ಟಿದ್ದೇನೆ. ಆಸ್ಪತ್ರೆಯವರು ಕೋಟನ್ನು ಕತ್ತರಿಸಿದರೂ ಕಾಲರ್ ಹಾಗೇ ಉಳಿದಿತ್ತು. ಆ ಹಡಗಿನ ನಂಬರುಗಳಲ್ಲಿ ನಾನು ಕೊನೆಯದಾಗಿ ಬಿಚ್ಚಿದ್ದು ಇದೇ. ಮಾವನ ಕೋಟಿನ ಜೇಬಿನಲ್ಲಿ ಹಾಕಿಡಿ.

ಲೀನಾ ಅಕ್ಕನಿಗೂ ಭಾವನಿಗೂ ನನ್ನ ನೆನಪು ತಿಳಿಸಿ, ಮಕ್ಕಳ ತಲೆ ಸವರಿ. ನಿಮ್ಮ ಮಗ ಟ್ರೆವರ್ ಮಲಗಿದಲ್ಲಿಂದಲೇ ನಿಮ್ಮ ಬೆಸಾಂವ್ ಬೇಡುತ್ತಾರೆ. ಅವರಿಗೆ ಕೊಡಿ.

ನಿಮ್ಮ ಸೊಸೆ,
ಸ್ಟೇಸಿ

ತಾ.ಕ.: ನಿಶಾಂತ್ ಕೆಳಗೆ ಬಂದು ಹಾರ್ನ್ ಹೊಡೆಯುತ್ತಿದ್ದಾನೆ. ಮುಚ್ಚಿದ ಕವರು ಮತ್ತೆ ಬಿಚ್ಚಿದೆ. ಸೆಪ್ಟೆಂಬರಿನಲ್ಲಿ ನಮ್ಮನ್ನು ಹೋಟೆಲಿನವರು ಬಿಡಲಿಲ್ಲ, ಹಿಡಿದಿಟ್ಟುಕೊಂಡರು ಎಂದು ಇವರು ನಿಮಗೆ ಹೇಳಿದ್ದು ಸುಳ್ಳು. ಅವರ ಮನೆ ಹಾಳಾಗಲಿ ಎಂದು ನೀವು ಫೋನಿನಲ್ಲಿ ಶಾಪ ಹಾಕುವಾಗಲೆಲ್ಲ ನಾನು ಪಕ್ಕದಲ್ಲೇ ನಿಂತಿದ್ದೆ. ಸೆಪ್ಟೆಂಬರ್ ಹನ್ನೆರಡರ ವಿಮಾನದ ಪಟ್ಟಿಯಲ್ಲಿ ನಮ್ಮಿಬ್ಬರ ಹೆಸರೂ ಇತ್ತು. ಮೂರು ದಿನ ಮೊದಲು ಹೋಟೆಲಿನ ನರ್ಸ್ ಇವರ ಕಣ್ಣಿನ ರೆಪ್ಪೆ ಎಳೆದು ನೋಡಿ, ಊರಿಗೆ ಹೋದ ಕೂಡಲೇ ದೊಡ್ಡ ಆಸ್ಪತ್ರೆಗೆ ತೋರಿಸು ಎಂದಿದ್ದಳು. ಹಳದಿಯನ್ನು ನಾನು ಮೊದಲು ಕಂಡದ್ದು ಅವತ್ತು. ಇವರು ಪೆಟ್ಟಿಗೆ ಕಟ್ಟಿ ಹಗ್ಗ ಬಿಗಿದಾಗಿತ್ತು. "ಅಮ್ಮ ಹೊಸ ಅಕ್ಕಿ ಎತ್ತಿಟ್ಟಿದ್ದಾಳೆ, ಹೋಗುವ" ಎಂದರು. ಉಳಿಯಲು ಒಪ್ಪಿದವರಿಗೆ ಹಡಗಿನಲ್ಲೇ ಕೋಣೆ ಕೊಡುತ್ತಾರೆಂದು ನಾನು ಅದೇ ದಿನ ನಾಝಿಯಾ ಮೇಡಂ ಬಾಯಲ್ಲಿ ಕೇಳಿದ್ದೆ. ಏಳು ವರ್ಷದಲ್ಲಿ ಇವರ ಹತ್ತಿರ ನಾನು ಏನನ್ನೂ ಕೇಳಿದವಳಲ್ಲ. ಅವತ್ತು ಕೇಳಿದೆ. "ಒಂದು ತಿಂಗಳು, ನಮ್ಮದೇ ಅಂತ ಒಂದು ಬಾಗಿಲು" ಎಂದೆ. ಇವರು ನನ್ನ ಮುಖವನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಬಗ್ಗಿ ಪೆಟ್ಟಿಗೆಯ ಹಗ್ಗ ಬಿಚ್ಚಿದರು.

ಮೇಲೆ ಇವರಿಗೆ ಮಾತ್ರ ಬೆಸಾಂವ್ ಕೇಳಿದ್ದು ಅದಕ್ಕೆ. ನನಗೆ ಕೇಳುವ ಮುಖವಿಲ್ಲ. ನೀವು ಹಡಗನ್ನು ಸವತಿ ಎನ್ನುತ್ತಿದ್ದಿರಿ. ಈ ಸಲ ನಿಮ್ಮ ಮಗನನ್ನು ಹಿಡಿದಿಟ್ಟವಳು ಅವಳಲ್ಲ, ಮಾಂಯ್.